ಗಣಕಯಂತ್ರದ ಮೂಲಕ ಸಂಕೇತ ಸಂಗ್ರಹಣೆ ಮತ್ತು ಸ್ಯಾಂಪ್ಲಿಂಗ್ ವೇಗದ ನಿಯಂತ್ರಣ: ಗದಗ ಜಿಲ್ಲೆಯ ಮಳೆ ಮಾಪನದ ಉದಾಹರಣೆಯೊಂದಿಗೆ

1. ಪೀಠಿಕೆ

ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರಚನೆಯಾದ ಗದಗ ಜಿಲ್ಲೆಯು ಬಹುಮಟ್ಟಿಗೆ ಮಳೆಯಾಶ್ರಿತ ಕೃಷಿಯನ್ನು ಅವಲಂಬಿಸಿರುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗಗಳ ಎರೆ ಮತ್ತು ಮಸಾರಿ ಭೂಮಿಗಳಲ್ಲಿ ಹೆಸರು, ಶೇಂಗಾ, ಮೆಣಸಿನಕಾಯಿ, ಈರುಳ್ಳಿ, ಹತ್ತಿ, ಜೋಳ ಮತ್ತು ಕಡಲೆ ಬೆಳೆಯುವ ರೈತರಿಗೆ ಮಳೆಯ ಪ್ರಮಾಣದಷ್ಟೇ ಮಳೆಯ ಸಮಯವೂ ಮುಖ್ಯವಾದುದಾಗಿದೆ. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ ಮುಂತಾದ ವಿಷಯಗಳಲ್ಲಿ ಅರ್ಜಿ ಸಲ್ಲಿಸುವ ನಾಗರಿಕರು ಮಳೆ ಅಂಕಿಅಂಶಗಳನ್ನು ಕೋರುವುದುಂಟು.

ಹಿಂದೆ ಮಳೆಯನ್ನು ದಿನಕ್ಕೊಮ್ಮೆ ಗಾಜಿನ ಅಳತೆಪಾತ್ರೆಯಲ್ಲಿ ಅಳೆದು ವಹಿಯಲ್ಲಿ ಬರೆಯಲಾಗುತ್ತಿತ್ತು. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪಕ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ, ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿಯೂ ಕಾರ್ಯನಿರ್ವಹಿಸುತ್ತಿದ್ದು, 15 ನಿಮಿಷಗಳಿಗೊಮ್ಮೆ ಮಾಹಿತಿಯನ್ನು ಬೆಂಗಳೂರಿನ ಗಣಕಕೇಂದ್ರಕ್ಕೆ ರವಾನಿಸುತ್ತವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆಯೇ ಈ ಕೇಂದ್ರದ ಮೂಲವಾಗಿರುತ್ತದೆ.

ಯಂತ್ರವು ತಾನಾಗಿಯೇ ಅಳೆಯುವುದರಿಂದ ಎಲ್ಲವೂ ದಾಖಲಾಗಿರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ, ಯಂತ್ರವು ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತದೆ ಎಂಬುದರ ಮೇಲೆ ಯಾವ ಘಟನೆ ದಾಖಲೆಯಲ್ಲಿ ಉಳಿಯುತ್ತದೆ, ಯಾವುದು ಅಳಿಸಿಹೋಗುತ್ತದೆ ಎಂಬುದು ನಿರ್ಧಾರವಾಗುತ್ತದೆ. ಅಳೆಯುವ ಸಮಯದಲ್ಲಿ ಕಳೆದುಹೋದ ಮಾಹಿತಿಯನ್ನು ಆ ಬಳಿಕ ಎಂತಹ ಗಣಕಯಂತ್ರದಿಂದಲೂ ಮರಳಿ ಪಡೆಯಲಾಗುವುದಿಲ್ಲ. ಈ ಹಿನ್ನೆಲೆಯಲ್ಲಿ, ಸಂಕೇತಗಳ ಸಂಗ್ರಹಣೆಯಲ್ಲಿ ವೇಗವನ್ನು ನಿರ್ಧರಿಸುವ ಹಾಗೂ ನಿಯಂತ್ರಿಸುವ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಸ್ಯಾಂಪ್ಲಿಂಗ್ ಎಂದರೇನು?

ಉಷ್ಣಾಂಶ, ಗಾಳಿಯ ವೇಗ, ನದಿಯ ನೀರಿನ ಮಟ್ಟ, ಧ್ವನಿ ಮುಂತಾದವು ಎಡೆಬಿಡದೆ ಬದಲಾಗುತ್ತಿರುತ್ತವೆ. ಇವುಗಳನ್ನು ಸಂವೇದಕವು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಗಣಕಯಂತ್ರಕ್ಕೆ ಅಂಕಿಗಳು ಮಾತ್ರ ಅರ್ಥವಾಗುವುದರಿಂದ, ನಿಗದಿತ ಕ್ಷಣಗಳಲ್ಲಿ ಸಂಕೇತದ ಬೆಲೆಯನ್ನು ಓದಿ ಅಂಕಿಯಾಗಿ ಬರೆದುಕೊಳ್ಳಬೇಕಾಗುತ್ತದೆ. ಹೀಗೆ ನಿಗದಿತ ಕ್ಷಣಗಳಲ್ಲಿ ಮಾದರಿಯನ್ನು ತೆಗೆಯುವ ಕ್ರಿಯೆಗೆ ಸ್ಯಾಂಪ್ಲಿಂಗ್ ಎಂದೂ, ಒಂದು ಸೆಕೆಂಡಿಗೆ ತೆಗೆಯುವ ಮಾದರಿಗಳ ಸಂಖ್ಯೆಗೆ ಸ್ಯಾಂಪ್ಲಿಂಗ್ ವೇಗ ಎಂದೂ ಹೆಸರು.

ಈ ಕ್ರಿಯೆಯ ಹಂತಗಳು ಈ ಕೆಳಕಂಡಂತಿವೆ:

(ಅ) ಸಂವೇದಕವು ಭೌತಿಕ ಬದಲಾವಣೆಯನ್ನು ವಿದ್ಯುತ್ ಸಂಕೇತವಾಗಿ ನೀಡುತ್ತದೆ.
(ಆ) ಶೋಧಕವು ಅಗತ್ಯಕ್ಕಿಂತ ಹೆಚ್ಚಿನ ವೇಗದ ಏರಿಳಿತಗಳನ್ನು ತಡೆಯುತ್ತದೆ.
(ಇ) ಪರಿವರ್ತಕವು ಗಡಿಯಾರದ ಸ್ಪಂದ ಬಂದ ಕ್ಷಣದಲ್ಲಿ ಸಂಕೇತದ ಬೆಲೆಯನ್ನು ಹಿಡಿದು ಅಂಕಿಯಾಗಿ ಮಾರ್ಪಡಿಸುತ್ತದೆ.
(ಈ) ಅಂಕಿಗಳು ತಾತ್ಕಾಲಿಕ ಸ್ಮೃತಿಯಲ್ಲಿ, ಅಂದರೆ ಬಫರ್‌ನಲ್ಲಿ, ಸಾಲಾಗಿ ನಿಲ್ಲುತ್ತವೆ.
(ಉ) ತಂತ್ರಾಂಶವು ಅವುಗಳನ್ನು ದಿನಾಂಕ ಮತ್ತು ವೇಳೆಯೊಂದಿಗೆ ಕಡತಕ್ಕೆ ಬರೆಯುತ್ತದೆ.

3. ವೇಗ ಎಷ್ಟಿರಬೇಕು?

ಸಂಕೇತದಲ್ಲಿರುವ ಅತ್ಯಂತ ವೇಗದ ಏರಿಳಿತದ ಎರಡು ಪಟ್ಟಿಗಿಂತ ಹೆಚ್ಚಿನ ವೇಗದಲ್ಲಿ ಮಾದರಿಗಳನ್ನು ತೆಗೆಯತಕ್ಕದ್ದು ಎಂಬುದು ಮೂಲ ನಿಯಮವಾಗಿದೆ. ತಂತಿ ಸಂದೇಶಗಳ ರವಾನೆಯ ಕುರಿತು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಪ್ರಕಟಿಸಿದ ವಿಚಾರಗಳಿಂದ ಬೆಳೆದ ಈ ನಿಯಮವನ್ನು ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು.

ಈ ನಿಯಮವನ್ನು ಪಾಲಿಸದಿದ್ದಲ್ಲಿ ಮಾಹಿತಿ ಕಡಿಮೆಯಾಗುವುದಷ್ಟೇ ಅಲ್ಲದೆ, ಇಲ್ಲದ ಮಾಹಿತಿಯೂ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ನೀರಿನ ಮೇಲ್ತೊಟ್ಟಿಯ ಉದಾಹರಣೆಯಿಂದ ತಿಳಿಯಬಹುದು. ಒಂದು ತೊಟ್ಟಿಯು ಪ್ರತಿದಿನ ರಾತ್ರಿ ತುಂಬಿ, ಹಗಲು ಖಾಲಿಯಾಗುತ್ತದೆ ಎಂದು ಭಾವಿಸುವುದು. ನೀರಿನ ಮಟ್ಟವನ್ನು ಪ್ರತಿದಿನ ಬೆಳಿಗ್ಗೆ 6 ಗಂಟೆಗೆ ಮಾತ್ರ ನೋಡಿದರೆ, ತೊಟ್ಟಿ ವರ್ಷವಿಡೀ ತುಂಬಿಯೇ ಇದೆ ಎಂದು ದಾಖಲೆ ಹೇಳುತ್ತದೆ. ಅದನ್ನೇ 23 ಗಂಟೆಗಳಿಗೊಮ್ಮೆ ನೋಡಿದರೆ, ನೋಡುವ ವೇಳೆ ಪ್ರತಿ ಸಲ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಆಗ ತೊಟ್ಟಿಯು 23 ದಿನಗಳಿಗೊಮ್ಮೆ ನಿಧಾನವಾಗಿ ತುಂಬಿ ಖಾಲಿಯಾಗುತ್ತಿರುವಂತೆ ತೋರುತ್ತದೆ. ಎರಡೂ ದಾಖಲೆಗಳಲ್ಲಿನ ಒಂದೊಂದು ಅಂಕಿಯೂ ನಿಜವಾದುದೇ ಆಗಿರುತ್ತದೆ. ಆದರೆ ಎರಡೂ ಚಿತ್ರಗಳು ಸುಳ್ಳು. ಪ್ರತಿ ಗಂಟೆಗೊಮ್ಮೆ ನೋಡಿದಾಗ ಮಾತ್ರ ದಿನನಿತ್ಯದ ಏರಿಳಿತ ಸರಿಯಾಗಿ ಕಾಣುತ್ತದೆ.

ವಿದ್ಯುತ್ತಿನಲ್ಲಿಯೂ ಇದೇ ಸಂಭವಿಸುತ್ತದೆ. ಭಾರತದಲ್ಲಿ ಮನೆಬಳಕೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಲ್ಲಿ ಹರಿಯುತ್ತದೆ. ಅದನ್ನು ಸೆಕೆಂಡಿಗೆ ಸರಿಯಾಗಿ 50 ಸಲ ಅಳೆದರೆ ಪ್ರತಿ ಮಾದರಿಯೂ ಒಂದೇ ಬೆಲೆಯಾಗಿ, ಏರಿಳಿತವೇ ಇಲ್ಲದಂತೆ ಕಾಣುತ್ತದೆ. 60 ಸಲ ಅಳೆದರೆ ಸೆಕೆಂಡಿಗೆ 10 ಆವರ್ತನಗಳ ಹುಸಿ ಸಂಕೇತ ಕಾಣುತ್ತದೆ. ಇಂತಹ ಹುಸಿ ಆವರ್ತನವು ಒಮ್ಮೆ ದಾಖಲೆ ಸೇರಿದ ಮೇಲೆ ನಿಜವಾದ ಸಂಕೇತದಿಂದ ಅದನ್ನು ಬೇರ್ಪಡಿಸಲಾಗುವುದಿಲ್ಲ. ಆದುದರಿಂದಲೇ ಶೋಧಕವನ್ನು ಪರಿವರ್ತಕದ ಮುಂಚೆ ಅಳವಡಿಸಲಾಗುತ್ತದೆ; ಅನಂತರ ತಂತ್ರಾಂಶದಲ್ಲಿ ಶೋಧಿಸುವುದು ಅದಕ್ಕೆ ಬದಲಿಯಾಗುವುದಿಲ್ಲ.

4. ಮಳೆಮಾಪಕದ ಉದಾಹರಣೆ

ಸ್ವಯಂಚಾಲಿತ ಮಳೆ ಮಾಪನದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಮಗುಚುವ ಬಟ್ಟಲಿನ ಮಾಪಕ. ಇದರಲ್ಲಿ ಸಣ್ಣ ತಕ್ಕಡಿಯಂತೆ ಎರಡು ಬಟ್ಟಲುಗಳಿರುತ್ತವೆ. ಒಂದು ಬಟ್ಟಲು ನಿಗದಿತ ನೀರು ತುಂಬಿದೊಡನೆ ಮಗುಚಿ, ಇನ್ನೊಂದು ಬಟ್ಟಲು ಮೇಲೆ ಬರುತ್ತದೆ. ಪ್ರತಿ ಮಗುಚಿಗೆ ಒಂದು ವಿದ್ಯುತ್ ಸಂಪರ್ಕ ಕ್ಷಣಕಾಲ ಮುಚ್ಚಿ ತೆರೆಯುತ್ತದೆ. ಪ್ರತಿ ಮಗುಚಿಗೆ 0.5 ಮಿ.ಮೀ. ಮಳೆ, ಸಂಪರ್ಕ ಮುಚ್ಚಿರುವ ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗ ಎಂದು ಇಟ್ಟುಕೊಂಡು ಮುಂದಿನ ಲೆಕ್ಕವನ್ನು ನೀಡಲಾಗಿದೆ.

ಮುಂಗಾರು ಪೂರ್ವದ ಗುಡುಗು ಮಳೆಯೊಂದರಲ್ಲಿ 15 ನಿಮಿಷಗಳಲ್ಲಿ 32 ಮಿ.ಮೀ. ಮಳೆ ಸುರಿಯಿತು ಎಂದು ಭಾವಿಸಿದರೆ, ಬಟ್ಟಲು 64 ಸಲ, ಅಂದರೆ ಸುಮಾರು 14 ಸೆಕೆಂಡುಗಳಿಗೊಮ್ಮೆ ಮಗುಚುತ್ತದೆ. ಗಣಕವು ಸಂಪರ್ಕವನ್ನು ಸೆಕೆಂಡಿಗೊಮ್ಮೆ ಮಾತ್ರ ನೋಡುವಂತಿದ್ದಲ್ಲಿ, ಮುಚ್ಚಿದ ಕ್ಷಣ ಅದರ ಕಣ್ಣಿಗೆ ಬೀಳುವುದು ಹತ್ತರಲ್ಲಿ ಒಂದು ಸಲ ಮಾತ್ರ. 64 ಮಗುಚಿಗಳ ಪೈಕಿ ಸರಾಸರಿ 6 ಮಾತ್ರ ಲೆಕ್ಕಕ್ಕೆ ಸಿಕ್ಕಿ, 32 ಮಿ.ಮೀ. ಮಳೆಯು ಕೇವಲ 3 ಮಿ.ಮೀ. ಎಂದು ದಾಖಲಾಗುತ್ತದೆ. 14 ಸೆಕೆಂಡುಗಳಿಗೊಮ್ಮೆ ನಡೆಯುವ ಘಟನೆಗೆ ಸೆಕೆಂಡಿಗೊಂದು ನೋಟ ಸಾಕು ಎಂಬ ಎಣಿಕೆ ಇಲ್ಲಿ ತಪ್ಪಾಗುತ್ತದೆ. ಗಮನಿಸಬೇಕಾದುದು ಘಟನೆಗಳ ನಡುವಣ ಅಂತರವನ್ನಲ್ಲ, ಒಂದೊಂದು ಘಟನೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು.

ವೇಗವನ್ನು ಮಿತಿಮೀರಿ ಹೆಚ್ಚಿಸಿದರೆ ಇದಕ್ಕೆ ವಿರುದ್ಧವಾದ ದೋಷ ಉಂಟಾಗುತ್ತದೆ. ಲೋಹದ ಸಂಪರ್ಕವು ಮುಚ್ಚುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತದೆ. ಸೆಕೆಂಡಿಗೆ 10,000 ಸಲ ನೋಡುವ ಗಣಕವು ಈ ಅದುರುವಿಕೆಯನ್ನೂ ಕಂಡು, ಒಂದೇ ಮಗುಚಿಯನ್ನು ಎರಡು ಅಥವಾ ಮೂರು ಎಂದು ಎಣಿಸಬಹುದು. ಆಗ 32 ಮಿ.ಮೀ. ಮಳೆಯು 64 ಮಿ.ಮೀ. ಆಗಿ ದಾಖಲಾಗುವ ಸಂಭವವಿರುತ್ತದೆ.

ಈ ಎರಡೂ ದೋಷಗಳ ನಿವಾರಣೆಗೆ ಸಂಪರ್ಕ ಮುಚ್ಚಿದ ಕ್ಷಣದಲ್ಲಿಯೇ ಗಣಕವನ್ನು ಎಚ್ಚರಿಸುವ ಇಂಟರಪ್ಟ್ ವ್ಯವಸ್ಥೆಯನ್ನು ಅಥವಾ ಪ್ರತ್ಯೇಕ ಎಣಿಕೆ ಮಂಡಲವನ್ನು ಅಳವಡಿಸಿ, ಒಂದು ಮಗುಚಿಯನ್ನು ಎಣಿಸಿದ ಬಳಿಕ ಸುಮಾರು 200 ಮಿಲಿಸೆಕೆಂಡುಗಳ ಕಾಲ ಬರುವ ಸ್ಪಂದಗಳನ್ನು ಕಡೆಗಣಿಸಲಾಗುತ್ತದೆ. ಗಂಟೆಗೆ 300 ಮಿ.ಮೀ. ತೀವ್ರತೆಯ ಅತಿ ಭಾರಿ ಸುರಿತದಲ್ಲಿಯೂ ಎರಡು ಮಗುಚಿಗಳ ನಡುವೆ 6 ಸೆಕೆಂಡುಗಳ ಅಂತರವಿರುವುದರಿಂದ, ಈ ಕ್ರಮದಿಂದ ನಿಜವಾದ ಮಳೆ ಬಿಟ್ಟುಹೋಗುವುದಿಲ್ಲ.

5. ಗಣಕಯಂತ್ರವು ವೇಗವನ್ನು ನಿಯಂತ್ರಿಸುವ ವಿಧಾನಗಳು

5.1 ಗಡಿಯಾರ ಸ್ಪಂದದ ವಿಭಜನೆ: ಸಂಗ್ರಹಣಾ ಸಾಧನದಲ್ಲಿ ಸ್ಫಟಿಕ ಗಡಿಯಾರವೊಂದಿದ್ದು, ಅದರ ಸ್ಪಂದಗಳನ್ನು ಪೂರ್ಣಾಂಕದಿಂದ ಭಾಗಿಸಿ ಬೇಕಾದ ವೇಗವನ್ನು ಪಡೆಯಲಾಗುತ್ತದೆ. ಸೆಕೆಂಡಿಗೆ 10 ಲಕ್ಷ ಸ್ಪಂದಗಳ ಗಡಿಯಾರವನ್ನು 1,000ದಿಂದ ಭಾಗಿಸಿದರೆ ಸೆಕೆಂಡಿಗೆ 1,000 ಮಾದರಿಗಳು ದೊರೆಯುತ್ತವೆ. ಆದರೆ 3,000 ಮಾದರಿಗಳು ಬೇಕಾದಲ್ಲಿ ಭಾಜಕವು 333.33 ಆಗಬೇಕಾಗುತ್ತದೆ, ಸಾಧನವು 333ನ್ನು ಮಾತ್ರ ಸ್ವೀಕರಿಸುವುದರಿಂದ ನಿಜವಾದ ವೇಗ 3,003 ಆಗಿರುತ್ತದೆ. ಆದ್ದರಿಂದ ಕೋರಿದ ವೇಗವನ್ನಲ್ಲದೆ, ಸಾಧನವು ನಿಜವಾಗಿ ನೀಡಿದ ವೇಗವನ್ನು ಕಡತದಲ್ಲಿ ನಮೂದಿಸುವುದು ಸರಿಯಾದ ಕ್ರಮವಾಗಿದೆ.

5.2 ತಂತ್ರಾಂಶದ ಮೂಲಕ ಕಾಲ ನಿಯಂತ್ರಣ: "ಒಂದು ಸೆಕೆಂಡು ಕಾಯುವುದು, ಅಳೆಯುವುದು, ಬರೆಯುವುದು, ಪುನಃ ಕಾಯುವುದು" ಎಂಬ ರೀತಿಯ ಸರಳ ಕ್ರಮವಿಧಿಗಳು ರೂಢಿಯಲ್ಲಿವೆ. ಇಲ್ಲಿ ಅಳೆದು ಬರೆಯಲು 20 ಮಿಲಿಸೆಕೆಂಡುಗಳು ತಗುಲಿದರೆ ಪ್ರತಿ ಸುತ್ತಿಗೆ 1.02 ಸೆಕೆಂಡು ಆಗುತ್ತದೆ. ಒಂದು ದಿನದಲ್ಲಿ 86,400 ಮಾದರಿಗಳ ಬದಲಾಗಿ 84,705 ಮಾತ್ರ ದೊರೆಯುತ್ತವೆ. ಮಾದರಿಗಳ ನಡುವೆ ಸರಿಯಾಗಿ ಒಂದು ಸೆಕೆಂಡು ಅಂತರವಿದೆಯೆಂದು ಲೆಕ್ಕ ಹಾಕಿದರೆ, ದಿನದ ಕೊನೆಗೆ ದಾಖಲೆಯು 28 ನಿಮಿಷಗಳಷ್ಟು ಹಿಂದೆ ಬಿದ್ದಿರುತ್ತದೆ. ಸಂಜೆಯ ಮಳೆಯು 15 ನಿಮಿಷದ ತನ್ನ ಅವಧಿಯನ್ನು ಬಿಟ್ಟು ಬೇರೊಂದು ಅವಧಿಯಲ್ಲಿ ಕಾಣಿಸಿಕೊಳ್ಳಲು ಇಷ್ಟು ವ್ಯತ್ಯಾಸ ಸಾಕು. ಕಾಯುವ ಅವಧಿಯನ್ನು ನಿಗದಿಪಡಿಸುವ ಬದಲು, ಮುಂದಿನ ಮಾದರಿಯ ವೇಳೆಯನ್ನೇ ಮುಂಚಿತವಾಗಿ ನಿಗದಿಪಡಿಸಿ ಆ ವೇಳೆಯವರೆಗೆ ಕಾಯುವಂತೆ ಮಾಡುವುದರಿಂದ ಈ ದೋಷವು ಕೂಡುತ್ತಾ ಹೋಗುವುದಿಲ್ಲ.

ಸಾಮಾನ್ಯ ಬಳಕೆಯ ಗಣಕಗಳ ಕಾರ್ಯಾಚರಣಾ ವ್ಯವಸ್ಥೆಗಳು ಏಕಕಾಲಕ್ಕೆ ಹಲವು ಕೆಲಸಗಳನ್ನು ನಿರ್ವಹಿಸುವುದರಿಂದ, ಕೋರಿದ ಕ್ಷಣಕ್ಕೇ ಎಚ್ಚರಗೊಳ್ಳುವ ಖಾತರಿ ಇರುವುದಿಲ್ಲ. ವಿಂಡೋಸ್ ವ್ಯವಸ್ಥೆಯ ರೂಢಿಗತ ಕಾಲಗಣನೆಯ ಮೆಟ್ಟಿಲು ಸುಮಾರು 15.6 ಮಿಲಿಸೆಕೆಂಡುಗಳಷ್ಟಿತ್ತು. ಹೀಗಾಗಿ ಸೆಕೆಂಡಿಗೆ ಒಂದೆರಡು ಮಾದರಿಗಳಿಗೆ ತಂತ್ರಾಂಶದ ನಿಯಂತ್ರಣ ಸಾಕಾದರೂ, ಸೆಕೆಂಡಿಗೆ ನೂರಾರು ಮಾದರಿಗಳು ಬೇಕಾದಲ್ಲಿ ಸಾಧನದ ಸ್ವಂತ ಗಡಿಯಾರವೇ ಪರಿವರ್ತಕವನ್ನು ನಡೆಸತಕ್ಕದ್ದು.

5.3 ಬಫರ್: ಸಾಧನವು ತನ್ನ ಗಡಿಯಾರದಂತೆ ಮಾದರಿಗಳನ್ನು ಬಫರ್‌ಗೆ ತುಂಬುತ್ತಿರುತ್ತದೆ, ಗಣಕವು ಬಿಡುವಾದಾಗ ಗುಂಪಾಗಿ ತೆಗೆದುಕೊಳ್ಳುತ್ತದೆ. ಗಣಕವು ತಡಮಾಡಿದಲ್ಲಿ ಬಫರ್ ತುಂಬಿ ಹರಿದು, ಕೆಲವು ಮಾದರಿಗಳು ನಷ್ಟವಾಗುತ್ತವೆ. ಉತ್ತಮ ತಂತ್ರಾಂಶವು ಇಂತಹ ನಷ್ಟವನ್ನು ಮರೆಮಾಚದೆ ಕಡತದಲ್ಲಿ ಗುರುತಿಸುತ್ತದೆ.

5.4 ಹಲವು ಸಂವೇದಕಗಳು: ಒಂದೇ ಪರಿವರ್ತಕಕ್ಕೆ ಹಲವು ಸಂವೇದಕಗಳನ್ನು ಜೋಡಿಸಿದಾಗ ವೇಗವು ಹಂಚಿಹೋಗುತ್ತದೆ. ಸೆಕೆಂಡಿಗೆ 1,00,000 ಮಾದರಿಗಳ ಸಾಮರ್ಥ್ಯದ ಪರಿವರ್ತಕಕ್ಕೆ 8 ಸಂವೇದಕಗಳನ್ನು ಜೋಡಿಸಿದಲ್ಲಿ ಪ್ರತಿಯೊಂದಕ್ಕೆ ದೊರೆಯುವುದು 12,500 ಮಾತ್ರ.

5.5 ಗಡಿಯಾರದ ಹೊಂದಾಣಿಕೆ: ಹತ್ತು ಲಕ್ಷಕ್ಕೆ 20 ಭಾಗ ತಪ್ಪುವ ಸಾಮಾನ್ಯ ಸ್ಫಟಿಕ ಗಡಿಯಾರವು ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ವ್ಯತ್ಯಾಸ ತೋರುತ್ತದೆ. ಆದ್ದರಿಂದ ಉಪಗ್ರಹ ಅಥವಾ ಜಾಲದ ಮೂಲಕ ದೊರೆಯುವ ಪ್ರಮಾಣಿತ ವೇಳೆಯೊಂದಿಗೆ ಆಗಾಗ್ಗೆ ಸರಿಹೊಂದಿಸಬೇಕಾಗುತ್ತದೆ.

6. ಅಳತೆ, ದಾಖಲೆ, ರವಾನೆ: ಮೂರು ಬೇರೆ ಬೇರೆ ವೇಗಗಳು

15 ನಿಮಿಷಗಳಿಗೊಮ್ಮೆ ಮಾಹಿತಿ ಬರುತ್ತದೆ ಎಂದರೆ 15 ನಿಮಿಷಗಳಿಗೊಮ್ಮೆ ಮಾತ್ರ ಅಳೆಯಲಾಗುತ್ತದೆ ಎಂದರ್ಥವಲ್ಲ. ಅಳೆಯುವ ವೇಗ, ಅಳತೆಗಳನ್ನು ಕ್ರೋಡೀಕರಿಸಿ ದಾಖಲಿಸುವ ಅವಧಿ ಹಾಗೂ ದಾಖಲೆಯನ್ನು ಕೇಂದ್ರಕ್ಕೆ ರವಾನಿಸುವ ಅವಧಿ, ಈ ಮೂರೂ ಬೇರೆ ಬೇರೆಯಾಗಿರುತ್ತವೆ.

ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಸಾಲು ಗಾಳಿಗೆ ಹೆಸರಾಗಿದ್ದು, ಗಾಳಿ ವಿದ್ಯುತ್ ಯಂತ್ರಗಳು ಈ ಭಾಗದ ಪರಿಚಿತ ನೋಟವಾಗಿವೆ. ಗಾಳಿಯ ಮಾಪನದಲ್ಲಿ ವಿಶ್ವ ಹವಾಮಾನ ಸಂಸ್ಥೆಯು ಸೆಕೆಂಡಿಗೆ 4 ಮಾದರಿಗಳನ್ನು, 3 ಸೆಕೆಂಡುಗಳ ಸರಾಸರಿಯಿಂದ ಬಿರುಗಾಳಿಯ ಬೀಸನ್ನು ಹಾಗೂ 10 ನಿಮಿಷಗಳ ಸರಾಸರಿಯಿಂದ ಗಾಳಿಯ ವೇಗವನ್ನು ನಿರ್ಧರಿಸಲು ಶಿಫಾರಸು ಮಾಡಿದೆ. ಅದರಂತೆ 10 ನಿಮಿಷಗಳಲ್ಲಿ 2,400 ಮಾದರಿಗಳು ಸಂಗ್ರಹವಾದರೂ, ದಾಖಲೆಗೆ ಸೇರುವುದು ಸರಾಸರಿ, ಗರಿಷ್ಠ, ಕನಿಷ್ಠ ಮುಂತಾದ ಕೆಲವೇ ಅಂಕಿಗಳು. ಸರಾಸರಿಯನ್ನು ಮಾತ್ರ ಉಳಿಸಿಕೊಂಡಲ್ಲಿ, ಬೆಳೆಯನ್ನು ನೆಲಕ್ಕೆ ಮಲಗಿಸಿದ ಮೂರು ಸೆಕೆಂಡುಗಳ ಬೀಸು ದಾಖಲೆಯಲ್ಲಿ ಕಾಣುವುದಿಲ್ಲ. ಗರಿಷ್ಠ ಬೆಲೆಯನ್ನೂ ಉಳಿಸಿಕೊಳ್ಳುವುದು ಈ ಕಾರಣದಿಂದಲೇ.

ಎಲ್ಲ ಮಾದರಿಗಳನ್ನೂ ಹಾಗೆಯೇ ಏಕೆ ಉಳಿಸಬಾರದು ಎಂಬ ಪ್ರಶ್ನೆ ಸಹಜವಾದುದು. 15 ನಿಮಿಷಗಳ ದಾಖಲೆಯಿಂದ ಒಂದು ಕೇಂದ್ರಕ್ಕೆ ವರ್ಷಕ್ಕೆ 35,040 ಸಾಲುಗಳಾಗುತ್ತವೆ. ಸೆಕೆಂಡಿಗೊಂದು ದಾಖಲೆಯಾದರೆ 3,15,36,000 ಸಾಲುಗಳಾಗುತ್ತವೆ. ಹೊಲದಂಚಿನಲ್ಲಿ ಸೌರಫಲಕ ಮತ್ತು ಬ್ಯಾಟರಿಯನ್ನು ನಂಬಿ ನಿಂತಿರುವ ಸಾಧನಕ್ಕೆ ಮಾಹಿತಿಯ ರವಾನೆಯು ಹೆಚ್ಚು ವಿದ್ಯುತ್ ಬೇಡುವ ಕೆಲಸವಾಗಿದೆ. ಮೋಡ ಕವಿದ ದಿನಗಳಲ್ಲಿ ಬ್ಯಾಟರಿ ಬರಿದಾದರೆ, ಹೆಚ್ಚು ಅಗತ್ಯವಿರುವ ಮಳೆಗಾಲದಲ್ಲಿಯೇ ದಾಖಲೆ ನಿಂತುಹೋಗುತ್ತದೆ.

7. ವಿವಿಧ ಸಂಕೇತಗಳಿಗೆ ಸೂಕ್ತವಾದ ವೇಗ

(ಅ) ನದಿ ಮತ್ತು ಕೆರೆಗಳ ನೀರಿನ ಮಟ್ಟ: ಮುಂಡರಗಿ, ಶಿರಹಟ್ಟಿ ಭಾಗದ ಅಂಚಿನಲ್ಲಿ ಹರಿಯುವ ತುಂಗಭದ್ರೆಯಂತಹ ದೊಡ್ಡ ನದಿಯ ಮಟ್ಟ ಗಂಟೆಗಳ ಲೆಕ್ಕದಲ್ಲಿ ಬದಲಾಗುತ್ತದೆ. 15 ನಿಮಿಷದಿಂದ ಒಂದು ಗಂಟೆಯ ಅಂತರ ಸಾಕಾಗುತ್ತದೆ. ಅಲೆಗಳ ಏರಿಳಿತ ದಾಖಲೆಗೆ ಸೇರದಂತೆ ಕೆಲವು ಕ್ಷಣಗಳ ಸರಾಸರಿ ತೆಗೆದುಕೊಳ್ಳಲಾಗುತ್ತದೆ. ಸಣ್ಣ ಹಳ್ಳಗಳಲ್ಲಿ ನೀರು ನಿಮಿಷಗಳಲ್ಲಿ ಏರುವುದರಿಂದ ಅಂತರ ಕಡಿಮೆಯಿರಬೇಕಾಗುತ್ತದೆ.

(ಆ) ಮಳೆ: ಪ್ರತಿ ಮಗುಚಿಯನ್ನೂ ಎಣಿಸಿ, ನಿಗದಿತ ಅವಧಿಗೊಮ್ಮೆ ಮೊತ್ತವನ್ನು ದಾಖಲಿಸಲಾಗುತ್ತದೆ.

(ಇ) ವಿದ್ಯುತ್: ಜಿಲ್ಲೆಗೆ ವಿದ್ಯುತ್ ವಿತರಿಸುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯೂ ಸೇರಿದಂತೆ ದೇಶದ ವಿತರಣಾ ವ್ಯವಸ್ಥೆಯಲ್ಲಿ ಬಳಕೆಯಲ್ಲಿರುವ ಎಲೆಕ್ಟ್ರಾನಿಕ್ ಮೀಟರುಗಳು ವೋಲ್ಟೇಜ್ ಮತ್ತು ಕರೆಂಟನ್ನು 50 ಆವರ್ತನಗಳಿಗಿಂತ ಹಲವು ಪಟ್ಟು ವೇಗದಲ್ಲಿ ಅಳೆದು ಯೂನಿಟ್ಟುಗಳನ್ನು ಲೆಕ್ಕ ಹಾಕುತ್ತವೆ. ಗಾಳಿ ವಿದ್ಯುತ್ ಸೇರಿದಂತೆ ದೇಶದ ವಿದ್ಯುತ್ ಜಾಲದ ಲೆಕ್ಕಾಚಾರದಲ್ಲಿ ದಿನವನ್ನು 15 ನಿಮಿಷಗಳ 96 ಅವಧಿಗಳಾಗಿ ವಿಂಗಡಿಸಲಾಗಿದೆ.

(ಈ) ಧ್ವನಿ: ದೂರವಾಣಿಯ ಮಾತಿಗೆ ಸೆಕೆಂಡಿಗೆ 8,000 ಮಾದರಿಗಳು ಸಾಕು. ಮನುಷ್ಯರ ಕಿವಿ ಸುಮಾರು 20,000 ಆವರ್ತನಗಳವರೆಗೆ ಕೇಳಬಲ್ಲದಾದ್ದರಿಂದ ಧ್ವನಿಮುದ್ರಿಕೆಯ ಸಿ.ಡಿ.ಗಳಲ್ಲಿ 44,100 ಮಾದರಿಗಳನ್ನು ಬಳಸಲಾಗುತ್ತದೆ. ವೀರೇಶ್ವರ ಪುಣ್ಯಾಶ್ರಮದ ಸಂಗೀತ ಪರಂಪರೆಗೂ, 1922ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರ ಜನ್ಮಸ್ಥಳವೆಂಬ ಹಿರಿಮೆಗೂ ಪಾತ್ರವಾದ ಗದಗಿನಲ್ಲಿ ಹಳೆಯ ಧ್ವನಿಸುರುಳಿಗಳು ಅನೇಕರ ಮನೆಗಳಲ್ಲಿರುವುದು ಸಹಜ. ಇವುಗಳನ್ನು ಗಣಕಕ್ಕೆ ಇಳಿಸುವವರು 8,000ದ ವೇಗವನ್ನು ಆರಿಸಿಕೊಂಡಲ್ಲಿ 4,000 ಆವರ್ತನಗಳಿಗಿಂತ ಮೇಲಿನ ತಂಬೂರಿಯ ಸೂಕ್ಷ್ಮ ನಾದ ಶಾಶ್ವತವಾಗಿ ನಷ್ಟವಾಗುತ್ತದೆ. 44,100ರಲ್ಲಿ ಮುದ್ರಿಸಿದ್ದನ್ನು 48,000 ಎಂದು ತಪ್ಪಾಗಿ ನಮೂದಿಸಿ ನುಡಿಸಿದರೆ ಶ್ರುತಿ ಶೇ. 8.8ರಷ್ಟು ಏರುತ್ತದೆ. ಎರಡು ಚಾನೆಲ್‌ಗಳ, 16 ಬಿಟ್‌ಗಳ ಇಂತಹ ಮುದ್ರಣಕ್ಕೆ ಗಂಟೆಗೆ ಸುಮಾರು 635 ಮೆಗಾಬೈಟ್ ಸ್ಥಳ ಬೇಕಾಗುತ್ತದೆ.

8. ಒಂದೇ ಮೊತ್ತ, ಎರಡು ಮಳೆ

ಸ್ಯಾಂಪ್ಲಿಂಗ್ ಅವಧಿಯು ಅರ್ಜಿದಾರರ ಮೇಲೆ ಬೀರುವ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಎರಡು ಗ್ರಾಮಗಳಲ್ಲಿ ಒಂದೇ ದಿನ 48 ಮಿ.ಮೀ. ಮಳೆಯಾಗಿದೆ. ಮೊದಲನೆಯ ಗ್ರಾಮದಲ್ಲಿ ಪ್ರತಿ 15 ನಿಮಿಷಕ್ಕೆ 0.5 ಮಿ.ಮೀ.ನಂತೆ ದಿನವಿಡೀ ಜಿಟಿಜಿಟಿ ಮಳೆ ಹಿಡಿದಿದೆ. ಎರಡನೆಯ ಗ್ರಾಮದಲ್ಲಿ ಸಂಜೆ 4.15ರಿಂದ 4.30ರ ನಡುವೆ 32 ಮಿ.ಮೀ., ಉಳಿದದ್ದು ರಾತ್ರಿ ಬಿದ್ದಿದೆ. ಮೊದಲನೆಯ ಮಳೆಯು ನೆಲಕ್ಕೆ ಇಂಗುತ್ತದೆ. ಎರಡನೆಯದರಲ್ಲಿ ಕಾಲು ಗಂಟೆಯೊಳಗೆ ಎಕರೆಯೊಂದರ ಮೇಲೆ ಸುಮಾರು 1.29 ಲಕ್ಷ ಲೀಟರ್ ನೀರು ಬಿದ್ದು, ಬದು ಒಡೆದು, ಮೇಲ್ಮಣ್ಣು ಕೊಚ್ಚಿಹೋಗಬಹುದಾಗಿರುತ್ತದೆ. ದೈನಿಕ ಮೊತ್ತದ ದಾಖಲೆಯಲ್ಲಿ ಎರಡೂ ಗ್ರಾಮಗಳ ಮುಂದೆ 48 ಎಂಬ ಒಂದೇ ಅಂಕಿ ಇರುತ್ತದೆ.

ಭಾರತ ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 64.5 ಮಿ.ಮೀ. ಮತ್ತು ಅದಕ್ಕಿಂತ ಹೆಚ್ಚಿನ ಮಳೆ ಮಾತ್ರ ಭಾರಿ ಮಳೆ ಎನಿಸುತ್ತದೆ. ಅದರಂತೆ ಎರಡನೆಯ ಗ್ರಾಮದ ಮಳೆಯು ಭಾರಿ ಮಳೆಯೆಂದು ಪರಿಗಣಿತವಾಗುವುದಿಲ್ಲ. ಸುರಿದ ಹೊತ್ತಿನ ತೀವ್ರತೆ ಗಂಟೆಗೆ 128 ಮಿ.ಮೀ. ಇತ್ತೆಂಬುದನ್ನು 15 ನಿಮಿಷಗಳ ದಾಖಲೆ ಮಾತ್ರ ತೋರಿಸಬಲ್ಲದು.

9. ಮಳೆ ಅಂಕಿಅಂಶ ಕೋರುವ ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಅರ್ಜಿಯಲ್ಲಿ ಗ್ರಾಮ, ಗ್ರಾಮ ಪಂಚಾಯಿತಿ, ಹೋಬಳಿ ಮತ್ತು ತಾಲ್ಲೂಕನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಲಕ್ಷ್ಮೇಶ್ವರವು 2017-18ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದಾಗಿದ್ದು, ಅದಕ್ಕೂ ಹಿಂದಿನ ವರ್ಷಗಳ ದಾಖಲೆಗಳನ್ನು ಶಿರಹಟ್ಟಿ ತಾಲ್ಲೂಕಿನ ಹೆಸರಿನಲ್ಲಿ ಹುಡುಕಬೇಕಾಗುತ್ತದೆ.

(2) ಬೇಕಾಗಿರುವುದು ದೈನಿಕ ಮೊತ್ತವೋ, ಗಂಟೆವಾರು ಅಥವಾ 15 ನಿಮಿಷಗಳ ವಿವರವೋ ಎಂಬುದನ್ನು ತಿಳಿಸುವುದು. ಕೇವಲ "ಮಳೆ ವರದಿ" ಎಂದು ಕೋರಿದಲ್ಲಿ ದೈನಿಕ ಮೊತ್ತವಷ್ಟೇ ದೊರೆಯುವ ಸಂಭವವಿರುತ್ತದೆ.

(3) ಮಳೆಯ ದಿನವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಇದ್ದು, ಮೊತ್ತವನ್ನು ಮುಕ್ತಾಯದ ದಿನಾಂಕದಲ್ಲಿ ತೋರಿಸುವುದು ರೂಢಿ. 14ನೇ ತಾರೀಖಿನ ಸಂಜೆ ಸುರಿದ ಮಳೆಯು 15ನೇ ತಾರೀಖಿನ ಮಳೆಯಾಗಿ ವರದಿಯಾಗುತ್ತದೆ. ಅರ್ಜಿಯಲ್ಲಿ ಘಟನೆಯ ದಿನಾಂಕ ಹಾಗೂ ವೇಳೆ ಎರಡನ್ನೂ ಬರೆದು, ಹಿಂದಿನ ಮತ್ತು ಮುಂದಿನ ದಿನದ ಅಂಕಿಗಳನ್ನೂ ಕೋರುವುದು ಸೂಕ್ತ.

(4) ಕೆಲವು ಕಡತಗಳಲ್ಲಿ ವೇಳೆಯನ್ನು ಅಂತರರಾಷ್ಟ್ರೀಯ ಪ್ರಮಾಣಿತ ವೇಳೆಯಲ್ಲಿ ನಮೂದಿಸಿರಲಾಗುತ್ತದೆ. ಭಾರತೀಯ ವೇಳೆಯು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಸಂಜೆ 4 ಗಂಟೆಯ ಘಟನೆಯು ಅಲ್ಲಿ ಬೆಳಿಗ್ಗೆ 10.30 ಎಂದು ಕಾಣುತ್ತದೆ.

(5) ಸೊನ್ನೆ ಮತ್ತು ಖಾಲಿ ಸ್ಥಳ ಒಂದೇ ಅಲ್ಲ. ಸೊನ್ನೆ ಎಂದರೆ ಅಳೆಯಲಾಗಿದೆ, ಮಳೆಯಾಗಿಲ್ಲ. ಖಾಲಿ ಎಂದರೆ ಅಳತೆಯೇ ದೊರೆತಿಲ್ಲ. ಖಾಲಿ ಸ್ಥಳಗಳನ್ನು ಸೊನ್ನೆಯೆಂದು ಸೇರಿಸಿ ಮೊತ್ತ ಮಾಡಿದಲ್ಲಿ ಮಳೆ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. 24 ಗಂಟೆಗಳಿಗೆ 96 ದಾಖಲೆಗಳಿವೆಯೇ ಎಂಬುದನ್ನು ಎಣಿಸಿ ನೋಡುವುದು.

(6) ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ಆಲಿಕಲ್ಲು, ಮೇಘಸ್ಫೋಟ, ಹೊಲ ಜಲಾವೃತವಾಗುವಿಕೆ ಮುಂತಾದ ಸ್ಥಳೀಯ ವಿಕೋಪಗಳ ಹಾನಿಯನ್ನು 72 ಗಂಟೆಗಳ ಒಳಗಾಗಿ ತಿಳಿಸಬೇಕಾಗಿರುತ್ತದೆ. ಮಳೆ ವರದಿ ಕೈಸೇರುವವರೆಗೆ ಕಾಯದೆ, ಮೊದಲು ಹಾನಿಯ ಮಾಹಿತಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು.

(7) ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಹೊಲದ ನಷ್ಟದ ಪರಿಶೀಲನೆಯ ಬದಲು ಅಧಿಸೂಚಿತ ಹವಾಮಾನ ಕೇಂದ್ರದ ಅಂಕಿಅಂಶವೇ ಪರಿಹಾರಕ್ಕೆ ಆಧಾರ. ತಮ್ಮ ಬೆಳೆಗೆ ಅನ್ವಯಿಸುವ ಕೇಂದ್ರ ಯಾವುದು, ಪರಿಹಾರದ ಲೆಕ್ಕವು ದೈನಿಕ ಮೊತ್ತದ ಮೇಲೋ ಅನೇಕ ದಿನಗಳ ಮೊತ್ತದ ಮೇಲೋ ಎಂಬುದನ್ನು ನೋಂದಣಿಯ ಸಮಯದಲ್ಲಿಯೇ ತಿಳಿದುಕೊಳ್ಳುವುದು.

(8) ಸಾರ್ವಜನಿಕ ಕಚೇರಿಗಳಲ್ಲಿರುವ ಅಂಕಿಅಂಶಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 6(1)ರಡಿ ಕೋರಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳ ಒಳಗಾಗಿ ಉತ್ತರ ನೀಡಬೇಕಾಗಿರುತ್ತದೆ. ಗಣಕದಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಪಡೆಯುವ ಹಕ್ಕನ್ನು ಸದರಿ ಅಧಿನಿಯಮವು ನೀಡುತ್ತದೆ. ಮುದ್ರಿತ ಹಾಳೆಗಿಂತ ಮೂಲ ಕಡತದಲ್ಲಿ ವೇಳೆ ಮತ್ತು ಅವಧಿಯ ವಿವರಗಳು ಸ್ಪಷ್ಟವಾಗಿರುತ್ತವೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎರಡು ರವಾನೆಗಳ ನಡುವೆ ಸುರಿದ ಮಳೆ ಲೆಕ್ಕಕ್ಕೆ ಬಿಟ್ಟುಹೋಗುವುದೇ?
ಉತ್ತರ: ಇಲ್ಲ. ಮಗುಚಿಗಳನ್ನು ಸದಾ ಎಣಿಸುವ ಮಾಪಕದಲ್ಲಿ ಆ ಅವಧಿಯ ಒಟ್ಟು ಮಳೆಯೇ ರವಾನೆಯಾಗುತ್ತದೆ. ಆದರೆ ಆ 15 ನಿಮಿಷಗಳೊಳಗೆ ಯಾವ ನಿಮಿಷದಲ್ಲಿ ಹೆಚ್ಚು ಸುರಿಯಿತು ಎಂಬುದು ತಿಳಿಯುವುದಿಲ್ಲ.

ಪ್ರಶ್ನೆ: ದೈನಿಕ ಮೊತ್ತದಿಂದ 15 ನಿಮಿಷಗಳ ತೀವ್ರತೆಯನ್ನು ಲೆಕ್ಕ ಹಾಕಿ ಪಡೆಯಬಹುದೇ?
ಉತ್ತರ: ಸಾಧ್ಯವಿಲ್ಲ. 15 ನಿಮಿಷಗಳ ವಿವರದಿಂದ ದಿನದ ಮೊತ್ತವನ್ನು ಪಡೆಯಬಹುದು. ಮೊತ್ತದಿಂದ ವಿವರವನ್ನು ಪಡೆಯಲಾಗದು.

ಪ್ರಶ್ನೆ: ಸ್ಯಾಂಪ್ಲಿಂಗ್ ವೇಗ ಹೆಚ್ಚಿಸಿದಷ್ಟೂ ನಿಖರತೆ ಹೆಚ್ಚುವುದೇ?
ಉತ್ತರ: ಹೆಚ್ಚಬೇಕೆಂದಿಲ್ಲ. ಬಟ್ಟಲು 0.5 ಮಿ.ಮೀ.ಗೊಮ್ಮೆ ಮಗುಚುವುದಾದರೆ, ಎಷ್ಟೇ ವೇಗವಾಗಿ ನೋಡಿದರೂ ಅದಕ್ಕಿಂತ ಸಣ್ಣ ಅಳತೆ ದೊರೆಯುವುದಿಲ್ಲ. ಬಟ್ಟಲಿನಲ್ಲಿ ಕಸ, ಧೂಳು ಸೇರಿದ್ದರೆ ವೇಗವು ಅದನ್ನು ಸರಿಪಡಿಸುವುದಿಲ್ಲ.

ಪ್ರಶ್ನೆ: ಹೊಲದಲ್ಲಿ ಮಳೆ ಸುರಿದಿದ್ದರೂ ಪಂಚಾಯಿತಿಯ ಮಾಪಕದಲ್ಲಿ ಕಡಿಮೆ ತೋರಿಸಲು ಕಾರಣವೇನು?
ಉತ್ತರ: ಮಾಪಕವು ತಾನು ನಿಂತಿರುವ ಸ್ಥಳದ ಮಳೆಯನ್ನು ಮಾತ್ರ ಅಳೆಯುತ್ತದೆ. ಕಾಲದಲ್ಲಿ ಮಾದರಿಗಳ ನಡುವೆ ಅಂತರವಿರುವಂತೆಯೇ ಸ್ಥಳದಲ್ಲಿಯೂ ಮಾಪಕಗಳ ನಡುವೆ ಅಂತರವಿರುತ್ತದೆ. ಗುಡುಗು ಮಳೆಯು ಕೆಲವೇ ಕಿಲೋಮೀಟರ್ ವ್ಯಾಪ್ತಿಯಲ್ಲಿ ಸುರಿಯುವುದರಿಂದ ವ್ಯತ್ಯಾಸ ಸಂಭವನೀಯ. ಹೊಲದ ಹಾನಿಯ ಛಾಯಾಚಿತ್ರ, ದಿನಾಂಕ ಮತ್ತು ವೇಳೆಯ ಟಿಪ್ಪಣಿ, ಅಕ್ಕಪಕ್ಕದ ಮಾಪಕಗಳ ಅಂಕಿಅಂಶ ಇವುಗಳನ್ನು ಅರ್ಜಿಯೊಂದಿಗೆ ಲಗತ್ತಿಸುವುದು ಉಪಯುಕ್ತವಾಗಿರುತ್ತದೆ.

ಪ್ರಶ್ನೆ: ವರದಿಯೊಂದನ್ನು ನಂಬುವ ಮುನ್ನ ನೋಡಬೇಕಾದುದೇನು?
ಉತ್ತರ: ಯಾವ ಸ್ಥಳದಲ್ಲಿ ಅಳೆಯಲಾಯಿತು, ಎಷ್ಟು ಹೊತ್ತಿಗೊಮ್ಮೆ ಅಳೆಯಲಾಯಿತು, ಯಾವ ಅವಧಿಗೆ ಮೊತ್ತ ಅಥವಾ ಸರಾಸರಿ ಮಾಡಲಾಯಿತು, ಯಾವ ಗಡಿಯಾರದ ವೇಳೆ ನಮೂದಾಗಿದೆ ಹಾಗೂ ಎಷ್ಟು ದಾಖಲೆಗಳು ಖಾಲಿ ಇವೆ ಎಂಬ ಐದು ಅಂಶಗಳನ್ನು ನೋಡುವುದು. ಇವುಗಳಿಗೆ ವರದಿಯಲ್ಲಿಯೇ ಉತ್ತರ ದೊರೆಯದಿದ್ದಲ್ಲಿ, ಸಂಬಂಧಪಟ್ಟ ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.